ಮಾಕಳಿಯಿಂದ ಚಿತ್ರಸಂತೆಗೆ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟ ಪ್ರಯಾಣಿಕನಿಗೆ ನಗರ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಮೊದಲಾಯಿತು ಎಂಬುದು ಇಂದು ತಿಳಿಯುವುದಿಲ್ಲ. ಯಶವಂತಪುರ, ಗೊರಗುಂಟೆಪಾಳ್ಯಗಳನ್ನು ದಾಟಿ, ಪೀಣ್ಯದ ಕಾರ್ಖಾನೆಗಳ ಸಾಲನ್ನು ಮೇಲುಸೇತುವೆಯಿಂದಲೇ ನೋಡುತ್ತ, ದಾಸರಹಳ್ಳಿ, ನಾಗಸಂದ್ರ, ಮಾದಾವರಗಳನ್ನು ಹಿಂದೆ ಹಾಕಿದ ಮೇಲೆ, ಮೆಜೆಸ್ಟಿಕ್ಕಿನಿಂದ ಸುಮಾರು ೨೦ ಕಿಲೋಮೀಟರ್ ದೂರದಲ್ಲಿ ಮಾಕಳಿ ಬರುತ್ತದೆ. ಬರುತ್ತದೆ ಎನ್ನುವುದಕ್ಕಿಂತ, ಕಣ್ಣೆದುರಿಗೆ ಸರಿದುಹೋಗುತ್ತದೆ ಎನ್ನುವುದೇ ಸರಿ. ಲಾರಿಗಳ ಓಟಕ್ಕೆ ಇಲ್ಲಿ ಬಿಡುವಿಲ್ಲ. ಮುಂಬಯಿಗೆ, ಪುಣೆಗೆ, ಹುಬ್ಬಳ್ಳಿಗೆ, ಶಿವಮೊಗ್ಗಕ್ಕೆ ಹೋಗುವವರೆಲ್ಲರೂ ಈ ಊರನ್ನು ಕಂಡಿದ್ದಾರೆ. ಇಲ್ಲಿ ಇಳಿದವರು ಮಾತ್ರ ಕಡಿಮೆ.

ಇಳಿದು ನೋಡುವವನಿಗೆ ಮಾಕಳಿ ಎರಡು ಕಾಲಗಳನ್ನು ಒಟ್ಟಿಗೇ ತೋರಿಸುತ್ತದೆ. ದಾಸನಪುರ ಹೋಬಳಿಯ ಹಳೆಯ ಹಳ್ಳಿಯ ಲಕ್ಷಣಗಳು ಒಳದಾರಿಗಳಲ್ಲಿ ಇನ್ನೂ ಉಳಿದಿವೆ. ಹೆದ್ದಾರಿಯ ಅಂಚಿನಲ್ಲಿ ಗೋದಾಮುಗಳು, ತೂಕದ ಸೇತುವೆಗಳು, ಬಾಡಿಗೆ ಕೋಣೆಗಳ ಸಾಲುಗಳು. ೧೯೩೦ರಲ್ಲಿ ಡೆಹರಾಡೂನಿನಲ್ಲಿ ಹುಟ್ಟಿದ ಹಿಮಾಲಯ ಔಷಧ ಸಂಸ್ಥೆಯು ೧೯೭೫ರಲ್ಲಿ ತನ್ನ ಕಾರ್ಖಾನೆಯನ್ನು ಕಟ್ಟಿದ್ದು ಈ ಮಾಕಳಿಯಲ್ಲಿಯೇ. ಗಿಡಮೂಲಿಕೆಯ ಮಾತ್ರೆಯ ಡಬ್ಬಿಯ ಮೇಲೆ ಈ ಊರಿನ ಹೆಸರನ್ನು ಸಣ್ಣ ಅಕ್ಷರದಲ್ಲಿ ಓದಿದವರು ದೇಶದ ಮೂಲೆಮೂಲೆಗಳಲ್ಲಿ ಇರಬಹುದು. ಪೂರ್ವಕ್ಕೆ ಮಾದಾವರದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ. ಅಲ್ಲಿ ಲೋಹವನ್ನು ಕೊರೆಯುವ, ಕಡಿಯುವ ಯಂತ್ರಗಳ ಮಹಾಪ್ರದರ್ಶನಗಳು ನಡೆಯುತ್ತವೆ. ಪಶ್ಚಿಮಕ್ಕೆ ದಾಸನಪುರದ ಕೃಷಿ ಮಾರುಕಟ್ಟೆ. ಅಲ್ಲಿ ಬೆಳ್ಳುಳ್ಳಿ, ಆಲೂಗೆಡ್ಡೆಗಳ ಮೂಟೆಗಳು. ನಡುವೆ ಮಾಕಳಿ.

ಊರಿನ ಬೆಳಗು ಕಾರ್ಖಾನೆಯ ಪಾಳಿಯೊಡನೆ ಮೊದಲಾಗುತ್ತದೆ. ಊಟದ ಡಬ್ಬಿ ಹಿಡಿದ ಗಂಡಸರು, ಹೆಂಗಸರು ಬಸ್ಸಿಗೆ, ಕಂಪೆನಿಯ ವ್ಯಾನಿಗೆ, ಹಂಚಿಕೊಂಡ ಆಟೋರಿಕ್ಷಾಕ್ಕೆ ಓಡುತ್ತಾರೆ. ಅವರ ಬೆನ್ನಿಗೇ ಸಮವಸ್ತ್ರದ ಮಕ್ಕಳು ಹೊರಡುತ್ತಾರೆ. ಈ ಪಟ್ಟಿಯ ಕೈಗಾರಿಕೆಗಳಿಗೆ ದುಡಿಮೆಯನ್ನರಸಿ ಬಂದವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯವರುಂಟು. ಒಡಿಶಾ, ಬಿಹಾರ, ಬಂಗಾಳದವರುಂಟು. ಆದುದರಿಂದ ಮಕ್ಕಳ ಬಾಯಲ್ಲಿ ಮನೆಯ ಮಾತು ಒಂದು, ಬೀದಿಯ ಮಾತು ಒಂದು, ಪಾಠದ ಮಾತು ಇನ್ನೊಂದು. ಈ ಪ್ರಬಂಧಕ್ಕೆ ಕಾರಣ ಈ ಮಕ್ಕಳೇ.

ಉಚಿತ ಶಿಕ್ಷಣಕ್ಕೂ ಖರ್ಚುಂಟು

ಸರಕಾರಿ ಶಾಲೆಯಲ್ಲಿ ಫೀಜು ಇಲ್ಲ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ, ಹಾಲು ಎಲ್ಲವೂ ದೊರೆಯುತ್ತವೆ. ಹೀಗಿರಲು ಬಡ ಮಕ್ಕಳ ಓದಿಗೆ ಹಣ ಕೂಡಿಸುವವರು ಏಕೆ ಬೇಕು ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ.

೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ೬ರಿಂದ ೧೪ ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸಿತು. ಹುಟ್ಟಿದ ತಾರೀಖಿನ ಪತ್ರವಿಲ್ಲವೆಂದಾಗಲಿ, ಹಳೆಯ ಶಾಲೆಯ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದಾಗಲಿ ಮಗುವನ್ನು ಬಾಗಿಲಿನಿಂದ ಹಿಂದೆ ಕಳುಹಿಸುವಂತಿಲ್ಲ. ಗುಳೆ ಬಂದ ಸಂಸಾರಗಳಿಗೆ ಇದು ಸಣ್ಣ ರಕ್ಷೆಯಲ್ಲ. ಆದರೆ ಕಾಯಿದೆ ಹದಿನಾಲ್ಕಕ್ಕೆ ನಿಲ್ಲುತ್ತದೆ; ಹುಡುಗ ಹದಿನಾಲ್ಕಕ್ಕೆ ನಿಲ್ಲುವುದಿಲ್ಲ. ಎಂಟನೆಯ ತರಗತಿ ಮುಗಿದ ಹುಡುಗನ ಎದುರಿಗೆ ಎರಡು ಬಾಗಿಲುಗಳಿರುತ್ತವೆ: ಒಂದು ಪ್ರೌಢಶಾಲೆಯದು, ಇನ್ನೊಂದು ದುಡಿಮೆಯದು. ೨೦೧೬ರ ತಿದ್ದುಪಡಿಯ ಪ್ರಕಾರ ಹದಿನಾಲ್ಕು ತುಂಬದವರನ್ನು ಕೆಲಸಕ್ಕಿಟ್ಟುಕೊಳ್ಳುವುದು ನಿಷಿದ್ಧ. ಮನೆಯವರ ಕಸುಬಿನಲ್ಲಿ ಶಾಲೆ ಬಿಟ್ಟ ಹೊತ್ತಿನಲ್ಲಿ ನೆರವಾಗುವುದೇ ಮೊದಲಾದ ಕೆಲವು ವಿನಾಯಿತಿಗಳು ಮಾತ್ರ ಉಂಟು. ಹದಿನಾಲ್ಕು ತುಂಬಿ ಹದಿನೆಂಟು ತುಂಬದವರಿಗೆ ಅಪಾಯದ ಕೆಲಸಗಳಷ್ಟೇ ನಿಷಿದ್ಧ. ಮಿಕ್ಕ ಕೆಲಸಗಳ ಬಾಗಿಲು ತೆರೆದೇ ಇದೆ. ಸಂಬಳವೂ ಆ ತಿಂಗಳಿನಿಂದಲೇ ಬರತೊಡಗುತ್ತದೆ.

ಪ್ರೌಢಶಾಲೆಯ ದಾರಿಯಲ್ಲಿ ಬಸ್ಸಿನ ಖರ್ಚುಂಟು, ನೋಟ್‌ಬುಕ್ಕಿನ ಖರ್ಚುಂಟು. ಗಣಿತ, ಇಂಗ್ಲಿಷು ಕಠಿಣವಾದರೆ ಸಂಜೆ ಹೇಳಿಕೊಡುವವರು ಬೇಕು. ತಾಯಿತಂದೆಯರಿಗೆ ಅದು ಸಾಧ್ಯವಿಲ್ಲ. ಹೆಣ್ಣುಮಗುವಾದರೆ ಹೆದ್ದಾರಿ ದಾಟಿ ಹೋಗಿಬರುವ ಭಯವೂ ಉಂಟು. ಇವೆಲ್ಲ ಬಿಡಿಬಿಡಿಯಾಗಿ ಸಣ್ಣ ಸಂಗತಿಗಳೇ. ಒಟ್ಟುಗೂಡಿದಾಗ ಒಂದು ಮಗುವಿನ ಓದನ್ನು ನಿಲ್ಲಿಸಲು ಅಷ್ಟೇ ಸಾಕು. ಶಿಕ್ಷಣಕ್ಕೆ ನೆರವಾಗುವ ಸಂಸ್ಥೆಗಳು ಕೂಡಿಸುವ ಹಣ ಸಲ್ಲಬೇಕಾದ ಸ್ಥಳವೂ ಇದೇ. ಸರಕಾರದ ಕಾಯಿದೆ ಮುಗಿದು ಮಗುವಿನ ಸ್ವಂತ ಶಕ್ತಿ ಇನ್ನೂ ಮೊದಲಾಗದ ಆ ನಾಲ್ಕಾರು ವರ್ಷಗಳ ಸೇತುವೆ ಅದು.

ರಸ್ತೆಯ ಒಂದು ತುದಿ: ಜೋಳಿಗೆ

ಇಂಥ ಸೇತುವೆಯನ್ನು ಕಟ್ಟುವ ಬಗೆಗಳು ಎರಡು. ಎರಡಕ್ಕೂ ಉದಾಹರಣೆಗಳು ಮಾಕಳಿಯ ರಸ್ತೆಯಲ್ಲಿಯೇ ದೊರೆಯುತ್ತವೆ. ಒಂದಕ್ಕೆ ಪಶ್ಚಿಮಕ್ಕೆ ಹೋಗಬೇಕು, ಇನ್ನೊಂದಕ್ಕೆ ಪೂರ್ವಕ್ಕೆ.

ಪಶ್ಚಿಮಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ, ತುಮಕೂರಿನ ಹೊಸ್ತಿಲಲ್ಲಿ, ಕ್ಯಾತಸಂದ್ರದ ಬಳಿ ಸಿದ್ಧಗಂಗೆ. ೧೯೧೭ರಲ್ಲಿ ಅಲ್ಲೊಂದು ಸಂಸ್ಕೃತ ಪಾಠಶಾಲೆ ಪ್ರಾರಂಭವಾಯಿತು. ೧೯೩೦ರಲ್ಲಿ ಸನ್ಯಾಸ ಸ್ವೀಕರಿಸಿ, ೧೯೪೧ರಲ್ಲಿ ಮಠದ ಹೊಣೆಯನ್ನು ಪೂರ್ಣವಾಗಿ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಹೋಗಿ ಭಕ್ತರಿಂದ ರಾಗಿ, ಬೇಳೆ, ಸೌದೆ ಕೂಡಿಸಿ ಮಕ್ಕಳ ಅನ್ನದ ಒಲೆ ಆರದಂತೆ ನೋಡಿಕೊಂಡರು. ೨೦೧೯ರ ಜನವರಿ ೨೧ರಂದು, ನೂರಹನ್ನೊಂದರ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಜಾತಿಮತಗಳ ಭೇದವಿಲ್ಲದೆ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಂಡು, ವಾಸಿಸಿ, ಓದುತ್ತಿದ್ದರು. ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಮೊದಲನೆಯ ಪದವೀಧರನು ಹೀಗೆ ಮಠದ ಅಥವಾ ಉಚಿತ ವಿದ್ಯಾರ್ಥಿನಿಲಯದ ಅನ್ನವನ್ನೋ, ಮನೆಮನೆಯ ವಾರಾನ್ನವನ್ನೋ ಉಂಡು ಬೆಳೆದವನು. ಜೋಳಿಗೆಯ ದಾರಿಯನ್ನು ಹಗುರವಾಗಿ ನೋಡುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಜೋಳಿಗೆಗೆ ಅದನ್ನು ಹಿಡಿದವರ ತಪಸ್ಸು ಬೇಕು. ರೈತನು ರಾಗಿ ಅಳೆದದ್ದು ಕೇಳಿದವರ ಬಾಳನ್ನು ನೋಡಿ. ಪರಿಚಯವಿಲ್ಲದ ನಗರದಲ್ಲಿ, ಹೆಸರಿಲ್ಲದ ಸಾಮಾನ್ಯ ಗೃಹಸ್ಥನೋ ಗೃಹಿಣಿಯೋ ನಾಲ್ಕು ಮಕ್ಕಳ ಓದಿಗಾಗಿ ಕೈಚಾಚಿದರೆ ಬಾಗಿಲು ತೆರೆಯುವುದು ಕಷ್ಟ. ಅಂಥವರಿಗೆ ಉಳಿದ ದಾರಿ ಎರಡನೆಯದು: ಕೈಯಿಂದ ಏನನ್ನಾದರೂ ಮಾಡಿ, ಮಾರಿ, ಬಂದದ್ದನ್ನು ಕೊಡುವುದು. ಆ ದಾರಿ ಪೂರ್ವಕ್ಕೆ ಹೋಗುತ್ತದೆ.

ರಸ್ತೆಯ ಇನ್ನೊಂದು ತುದಿ: ಸಂತೆ

೨೦೨೪ರ ನವೆಂಬರ್ ೭ರಂದು ಮೆಟ್ರೋದ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬೆಳೆಯಿತು. ಅಂದಿನಿಂದ ಮಾಕಳಿಯವರಿಗೆ ಪೇಟೆ ಹತ್ತಿರವಾಗಿದೆ. ಮಾದಾವರದಲ್ಲಿ ರೈಲು ಹತ್ತಿದವನು ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯಗಳ ಕಾರ್ಖಾನೆಯ ಸೂರುಗಳನ್ನು ಆಕಾಶಮಾರ್ಗದಿಂದ ನೋಡುತ್ತ, ಸ್ಯಾಂಡಲ್ ಸೋಪ್ ಕಾರ್ಖಾನೆಯ ನಿಲ್ದಾಣವನ್ನು ದಾಟಿ, ಮಹಾಕವಿ ಕುವೆಂಪು ರಸ್ತೆ, ಶ್ರೀರಾಂಪುರಗಳ ಮೇಲೆ ಹಾದು ಸಂಪಿಗೆ ರಸ್ತೆಯಲ್ಲಿ ಇಳಿಯಬಹುದು. ಅಲ್ಲಿಂದ ಶೇಷಾದ್ರಿಪುರದ ಮೂಲಕ ಕಾಲ್ನಡಿಗೆಯಲ್ಲಿ ಹೋದರೆ ಕುಮಾರ ಕೃಪಾ ರಸ್ತೆ.

ಸಾಮಾನ್ಯವಾಗಿ ಜನವರಿಯ ಮೊದಲನೆಯ ಭಾನುವಾರ ಈ ರಸ್ತೆಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಅಂದು ಚಿತ್ರಸಂತೆ. ೧೯೬೦ರಲ್ಲಿ ಸ್ಥಾಪಿತವಾಗಿ, ಕಲಾವಿದ ಎಂ. ಎಸ್. ನಂಜುಂಡರಾಯರ ಜೀವಮಾನದ ಶ್ರಮದಿಂದ ಬೆಳೆದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದನ್ನು ನಡೆಸುತ್ತದೆ. ಮೊದಲು ಮಾಡಿ ಎರಡು ದಶಕಗಳು ಮೀರಿದವು. ಸುಮಾರು ಸಾವಿರದ ಐನೂರು ಕಲಾವಿದರು ಅನೇಕ ರಾಜ್ಯಗಳಿಂದ ಬಂದು ಪಾದಚಾರಿ ದಾರಿಯ ಉದ್ದಕ್ಕೂ ಚಿತ್ರಗಳನ್ನು ಒರಗಿಸಿ ಕೂಡುತ್ತಾರೆ. ನೋಡಲು ಬರುವವರ ಲೆಕ್ಕ ಲಕ್ಷಗಳಲ್ಲಿ. ನೂರಿನ್ನೂರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷ ರೂಪಾಯಿಯ ದೊಡ್ಡ ಚಿತ್ರದವರೆಗೆ ಎಲ್ಲವೂ ಒಂದೇ ಮರದ ನೆರಳಿನಲ್ಲಿ ದೊರೆಯುವುದು ಇಲ್ಲಿನ ವಿಶೇಷ.

ಸಂತೆಯ ನೋಟ ಸೊಗಸಾದದ್ದು. ಒಂದು ಕಡೆ ಮೈಸೂರು ಶೈಲಿಯ ಚಿತ್ರ: ಗೆಸ್ಸೊದ ಉಬ್ಬಿನ ಮೇಲೆ ಚಿನ್ನದ ರೇಕು ಹೊಳೆಯುತ್ತಿರುತ್ತದೆ. ಇನ್ನೊಂದು ಕಡೆ ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ: ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಯ ಹಿಟ್ಟಿನ ಬಿಳಿ ಗೆರೆ, ಪುಂಡಿನಾರಿನ ಕುಂಚದಿಂದ ಎಳೆದ ಆ ಗೆರೆಗಳಲ್ಲಿ ಒಂದಾದರೂ ನಡುಗಿದ್ದಿಲ್ಲ. ಮದುವೆಯ ಮನೆಯ ಗೋಡೆಗೆಂದು ಹುಟ್ಟಿದ ಈ ಚಿತ್ತಾರಕ್ಕೆ ಹಿಂದೆ ಸಹಿಯೂ ಇರಲಿಲ್ಲ, ಬೆಲೆಯೂ ಇರಲಿಲ್ಲ. ಕಾಗದಕ್ಕೆ ಇಳಿದ ಮೇಲೆ ಎರಡೂ ಬಂದವು. ಮತ್ತೊಂದು ಕಡೆ ಮಡಚುವ ಕುರ್ಚಿಯ ಮೇಲೆ ಗಿರಾಕಿಯನ್ನು ಕೂಡಿಸಿ ಇದ್ದಿಲಿನಿಂದ ಮುಖಚಿತ್ರ ಬರೆಯುವ ತರುಣ. ಅವನ ಬೆನ್ನ ಹಿಂದೆ ನಿಂತು ‘ಮೂಗು ಸರಿಬಂತು, ಕಣ್ಣು ಇನ್ನೂ ಬರಲಿಲ್ಲ’ ಎಂದು ತೀರ್ಪು ಕೊಡುವ ಸಂಸಾರಗಳು. ತಾಯಿ ದೇವರ ಪಟವನ್ನು, ತಂದೆ ಬೆಲೆಯ ಚೀಟಿಯನ್ನು, ಮಗಳು ಬಣ್ಣದ ಆನೆಯನ್ನು ನೋಡುತ್ತಿರುತ್ತಾರೆ.

ಚಿತ್ರಸಂತೆ ಧರ್ಮಾರ್ಥದ ಸಂತೆಯಲ್ಲ. ಇಲ್ಲಿ ಮಾರಿದ ಚಿತ್ರದ ಹಣ ಅದನ್ನು ಬರೆದವರಿಗೇ ಸೇರಬೇಕು, ಸೇರುತ್ತದೆ. ಆದರೂ ಪರಿಷತ್ತು ವರ್ಷಕ್ಕೊಂದು ವಿಷಯಕ್ಕೆ ಸಂತೆಯನ್ನು ಅರ್ಪಿಸುವ ಪದ್ಧತಿಯುಂಟು. ೨೦೨೪ರಲ್ಲಿ ಬಾಹ್ಯಾಕಾಶ ವಿಜ್ಞಾನಿಗಳಿಗೆ, ೨೦೨೫ರಲ್ಲಿ ಹೆಣ್ಣುಮಗುವಿಗೆ ಅದು ಅರ್ಪಿತವಾಯಿತು. ಮಕ್ಕಳ ಓದಿಗಾಗಿ ಚಿತ್ರ ಮಾರಬೇಕೆನ್ನುವವರಿಗೆ ಈ ಬೀದಿ ಒಂದು ಪಾಠಶಾಲೆ. ಕೊಳ್ಳುವವನು ಯಾವುದರ ಮುಂದೆ ನಿಲ್ಲುತ್ತಾನೆ, ಯಾವುದನ್ನು ದಾಟಿ ಹೋಗುತ್ತಾನೆ ಎಂಬುದನ್ನು ಒಂದು ತಾಸು ನಿಂತು ನೋಡಿದರೆ ಸಾಕು. ಅವನು ನಿಲ್ಲುವುದು ಚಿತ್ರದ ಮುಂದೆ. ಉದ್ದೇಶದ ಫಲಕದ ಮುಂದೆ ಅಲ್ಲ.

ದಾನವೋ, ಕ್ರಯವೋ?

ಈ ಬೀದಿಗೆ ಇಂಥ ಪ್ರಶ್ನೆ ಹೊಸದಲ್ಲ. ಇದಕ್ಕೆ ಹೆಸರು ಕೊಟ್ಟ ಕುಮಾರ ಕೃಪಾ ದಿವಾನ್ ಶೇಷಾದ್ರಿ ಅಯ್ಯರರ ಮನೆಯಾಗಿದ್ದದ್ದು. ೧೯೨೭ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ ಅಲ್ಲಿಂದ ಇಳಿದು ಬಂದು ಉಳಿದುಕೊಂಡದ್ದು ಇಲ್ಲಿ. ಆ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಖಾದಿಯ ಪ್ರದರ್ಶನವೊಂದನ್ನು ಅವರು ಉದ್ಘಾಟಿಸಿದರು. ಬಡವನ ಕೈಗೆ ಬಿಟ್ಟಿ ಅನ್ನಕ್ಕಿಂತ ಕೆಲಸವನ್ನು ಕೊಡುವುದೇ ಮೇಲು ಎಂಬುದು ಅವರ ನಿಲುವಾಗಿತ್ತು. ೧೯೩೪ರ ಹರಿಜನ ಯಾತ್ರೆಯಲ್ಲಿ ಕನ್ನಡನಾಡಿಗೂ ಬಂದ ಅವರು, ಬಿನ್ನವತ್ತಳೆಯ ಜೊತೆಗೆ ಬಂದ ತಟ್ಟೆ ಕರಂಡಕಗಳನ್ನು ಸಭೆಯಲ್ಲಿಯೇ ಹರಾಜು ಹಾಕಿ ಹರಿಜನ ನಿಧಿಗೆ ಸೇರಿಸುತ್ತಿದ್ದರು. ತಮ್ಮ ಸಹಿಗೂ ಐದು ರೂಪಾಯಿ ಬೆಲೆ ಕಟ್ಟಿದ್ದ ಆ ವೈಶ್ಯಕುಲದ ಮಹಾತ್ಮರಿಗೆ ಮಾರಾಟದಲ್ಲಿ ನಾಚಿಕೆಯೇನೂ ಕಾಣಲಿಲ್ಲ. ಎರಡು ವರ್ಷಗಳ ಮೇಲೆ, ೧೯೩೬ರಲ್ಲಿ, ಶಾಂತಿನಿಕೇತನದ ಕೊರತೆ ತುಂಬಲು ಕವಿ ರವೀಂದ್ರರು ಆ ಇಳಿವಯಸ್ಸಿನಲ್ಲಿ ನೃತ್ಯನಾಟಕದ ತಂಡದೊಡನೆ ಊರೂರು ಅಲೆಯುವುದನ್ನು ಕಂಡು ಮನಕರಗಿ, ಅರವತ್ತು ಸಾವಿರ ರೂಪಾಯಿಗಳನ್ನು ದೊರಕಿಸಿಕೊಟ್ಟವರೂ ಅವರೇ. ಕಲೆಯನ್ನು ಮಾರಿ ಶಾಲೆ ನಡೆಸುವುದರ ಗೌರವ ಎಷ್ಟು, ದಣಿವು ಎಷ್ಟು ಎಂಬ ಎರಡನ್ನೂ ಈ ಘಟನೆ ತೋರಿಸುತ್ತದೆ.

ದೊಡ್ಡವರ ಮಾತು ಹಾಗಿರಲಿ. ಮಕ್ಕಳಿಗಾಗಿ ಚಿತ್ರ ಮಾರುವ ಪದ್ಧತಿ ಲೋಕದಲ್ಲಿ ಹರಡಿದ್ದು ಏಳು ವರ್ಷದ ಹುಡುಗಿಯೊಬ್ಬಳಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಆಗಿನ ಚೆಕೊಸ್ಲೊವಾಕಿಯದ ಒಂದು ಹಳ್ಳಿಗೆ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನಿಂದ ನೆರವು ಬಂದಿತು. ಜಿತ್ಕಾ ಸಾಮ್ಕೋವಾ ಎಂಬ ಆ ಬಾಲೆ ಕೃತಜ್ಞತೆಗಾಗಿ ಒಂದು ಚಿತ್ರ ಬರೆದಳು. ಕಾಗದ ಸಿಕ್ಕಲಿಲ್ಲ, ಗಾಜಿನ ಮೇಲೆ ಬರೆದಳು. ವಸಂತದ ಕಂಬದ ಸುತ್ತ ಕುಣಿಯುವ ಹುಡುಗಿಯರ ಆ ಚಿತ್ರ ೧೯೪೯ರಲ್ಲಿ ಯುನಿಸೆಫ್‌ನ ಮೊದಲನೆಯ ಶುಭಾಶಯ ಪತ್ರವಾಯಿತು. ಅಲ್ಲಿಂದ ಮುಂದೆ ದಶಕಗಳ ಕಾಲ ಅಂಥ ಪತ್ರಗಳ ಮಾರಾಟ ಲೋಕದ ಮಕ್ಕಳ ಹಾಲಿಗೆ, ಔಷಧಿಗೆ, ಓದಿಗೆ ಹಣವಾಯಿತು.

ನಮ್ಮ ದೇಶದಲ್ಲಿ ಇದೇ ದಾರಿ ಹಿಡಿದದ್ದು ‘ಕ್ರೈ’ ಸಂಸ್ಥೆ. ೧೯೭೯ರಲ್ಲಿ ರಿಪ್ಪನ್ ಕಪೂರ್ ಎಂಬ ವಿಮಾನ ಸಂಸ್ಥೆಯ ತರುಣ ನೌಕರನು ಆರು ಮಂದಿ ಗೆಳೆಯರನ್ನೂ ಐವತ್ತು ರೂಪಾಯಿಗಳನ್ನೂ ಜೊತೆಗೂಡಿಸಿ ಮುಂಬಯಿಯ ತನ್ನ ಮನೆಯ ಊಟದ ಮೇಜಿನ ಮೇಲೆ ಅದನ್ನು ಆರಂಭಿಸಿದನು. ಕಲಾವಿದರು ಚಿತ್ರ ಕೊಟ್ಟರು. ಚಿತ್ರಗಳು ಶುಭಾಶಯ ಪತ್ರಗಳಾದವು. ಹಬ್ಬಕ್ಕೆ, ಹೊಸವರ್ಷಕ್ಕೆ ಆ ಪತ್ರಗಳು ನಗರಗಳ ಮಧ್ಯಮವರ್ಗದ ಮನೆಗಳನ್ನು ಹೊಕ್ಕವು. ಪತ್ರದ ಬೆನ್ನಿನ ಮೇಲಿನ ಎರಡು ಸಾಲಿನಿಂದಲೇ ಓದಿಲ್ಲದ ಮಕ್ಕಳ ಸಂಗತಿ ಎಷ್ಟೋ ಮನೆಗಳಿಗೆ ತಿಳಿಯಿತು. ಕಪೂರ್ ೧೯೯೪ರಲ್ಲಿ, ನಲವತ್ತರ ವಯಸ್ಸಿಗೇ ತೀರಿಕೊಂಡರು; ಸಂಸ್ಥೆ ಉಳಿಯಿತು. ದೂರವಾಣಿಯೇ ಶುಭಾಶಯ ಹೊತ್ತು ತರುವ ಕಾಲ ಬಂದ ಮೇಲೆ ಅಂಚೆಯ ಪತ್ರಗಳ ಕಾಲ ಮುಗಿಯಿತು. ಆದರೆ ಅವು ಕಲಿಸಿದ ಪಾಠ ಮುಗಿದಿಲ್ಲ: ಸುಂದರವಾದ ವಸ್ತುವನ್ನು ನ್ಯಾಯವಾದ ಬೆಲೆಗೆ ಕೊಂಡವನು ತಾನು ಉಪಕಾರ ಮಾಡಿದೆನೆಂದು ಬೀಗುವುದಿಲ್ಲ, ಮಾರಿದವನೂ ತಲೆತಗ್ಗಿಸಬೇಕಾಗುವುದಿಲ್ಲ. ನೆರವು ಪಡೆದ ಮಗುವಂತೂ ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಾಗಿಲ್ಲ.

ಮಗುವಿನ ಕೈಯೋ, ಹಿರಿಯರ ಕೈಯೋ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಮಾಕಳಿಯಂಥ ಕೈಗಾರಿಕೆಯ ನೆರೆಯಲ್ಲಿ ಅದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಮಕ್ಕಳ ಓದಿಗೆ ಹಣ ಬೇಕು. ಮಕ್ಕಳ ಕೈಯಲ್ಲಿಯೇ ಬೊಂಬೆ, ಬುಟ್ಟಿ, ಚಿತ್ರಗಳನ್ನು ಮಾಡಿಸಿ ಮಾರಿದರಾಯಿತು ಎಂಬ ಯೋಚನೆ ಯಾರಿಗಾದರೂ ಬರುವುದು ಸಹಜ. ೧೯೩೭ರಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆ ರೂಪುಗೊಂಡಾಗ, ಮಕ್ಕಳ ಕೈಕಸುಬಿನ ಉತ್ಪತ್ತಿಯಿಂದಲೇ ಶಾಲೆಯ ಖರ್ಚು ಹೊರಡಬೇಕೆಂದು ಗಾಂಧೀಜಿ ಬಯಸಿದ್ದರು. ಆ ಯೋಜನೆಯನ್ನು ವಿಸ್ತರಿಸಿ ಬರೆದ ಜಾಕಿರ್ ಹುಸೇನರ ಸಮಿತಿ ಕೈಕಸುಬನ್ನು ಶಿಕ್ಷಣದ ನಡುವೆ ಇಟ್ಟಿತು. ಆದರೆ ಅದರ ಜೊತೆಯಲ್ಲಿಯೇ ಆದಾಯದ ಕಡೆಗೆ ಲಕ್ಷ್ಯ ಹೆಚ್ಚಾದರೆ ಉಪಾಧ್ಯಾಯರು ಮಕ್ಕಳಿಂದ ಆದಷ್ಟು ದುಡಿಮೆ ಹಿಂಡುವುದರಲ್ಲೇ ತೊಡಗುವ ಅಪಾಯವಿದೆಯೆಂದು ಎಚ್ಚರಿಸಿತು. ಗಾಂಧೀಜಿಯವರ ಆಪ್ತರೇ ನುಡಿದ ಈ ಮಾತಿನ ತೂಕ ಇಂದಿಗೂ ಕಡಿಮೆಯಾಗಿಲ್ಲ.

ಜಿತ್ಕಾಳ ಚಿತ್ರ ಮಾರಾಟಕ್ಕೆಂದು ಬರೆದದ್ದಲ್ಲ, ಸಂತೋಷದಿಂದ ಬರೆದದ್ದು. ಮಗು ತಾನಾಗಿ ಬರೆದ ಒಂದು ಚಿತ್ರವನ್ನು ಅದರ ಒಪ್ಪಿಗೆಯಿಂದ ಅಚ್ಚುಹಾಕಿಸುವುದು ಒಂದು ರೀತಿ. ನೂರು ಒಂದೇ ಬಗೆಯ ಹಣತೆಗಳಿಗೆ ದೀಪಾವಳಿಯೊಳಗೆ ಬಣ್ಣ ಹಾಕಿ ಮುಗಿಸಬೇಕೆಂದು ಅದೇ ಮಗುವನ್ನು ಕೂಡಿಸುವುದು ಇನ್ನೊಂದು ರೀತಿ. ಅದಕ್ಕೆ ಕಾರ್ಖಾನೆಯೆಂದು ಹೆಸರು. ಗೋಡೆಗೆ ಶಾಲೆಯ ಹಲಗೆ ತೂಗಿಹಾಕಿದ ಮಾತ್ರಕ್ಕೆ ಅದು ಶಾಲೆಯಾಗುವುದಿಲ್ಲ. ಹಿರಿಯರ ಕೈ ದುಡಿಯಬೇಕು, ಮಗುವಿನ ಕೈ ಬರೆಯಬೇಕು. ಈ ಕ್ರಮ ತಲೆಕೆಳಗಾಗಬಾರದು.

ಇದೇ ಜಾತಿಯ ಇನ್ನೊಂದು ದೋಷವೆಂದರೆ ಮಗುವಿನ ಮುಖವನ್ನು ಮಾರುವುದು. ಹರಿದ ಅಂಗಿಯ ಮಗುವಿನ ಭಾವಚಿತ್ರವನ್ನು ಮಳಿಗೆಯ ಮುಂದೆ ತೂಗುಹಾಕಿದರೆ ನಾಲ್ಕು ಚಿತ್ರ ಹೆಚ್ಚು ಮಾರಾಟವಾಗಬಹುದು. ಆದರೆ ಆ ಮಗು ಮರುದಿನ ಸಹಪಾಠಿಗಳ ನಡುವೆ ಕೂಡಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳುವುದುಂಟು. ಪಡೆದವರ ಹೆಸರು ಬೀದಿಗೆ ಬೀಳಬಾರದೆಂಬ ಅರ್ಥವೂ ಅದರಲ್ಲಿದೆ.

ಒಂದು ಚಿತ್ರದ ಲೆಕ್ಕ

ಸದುದ್ದೇಶಕ್ಕೆ ಮನಸ್ಸು ಬೇಕು, ಅದು ನಡೆಯುವುದಕ್ಕೆ ಲೆಕ್ಕ ಬೇಕು. ಉದಾಹರಣೆಗೆ, ಒಂದು ಚಿತ್ರಕ್ಕೆ ೫೦೦ ರೂಪಾಯಿ ಬೆಲೆ ಎಂದಿಟ್ಟುಕೊಂಡರೆ, ಕಾಗದ ಬಣ್ಣಗಳಿಗೆ ೧೦೦, ಚೌಕಟ್ಟಿಗೆ ೧೨೦, ಸಾಗಾಟಕ್ಕೂ ಮಳಿಗೆಯ ಬಾಡಿಗೆಗೂ ೫೦ ಕಳೆದು ಉಳಿಯುವುದು ೨೩೦. ಅಂಥ ಹತ್ತು ಚಿತ್ರಗಳು ಮಾರಿದರೆ ೨,೩೦೦. ‘ಐದು ಸಾವಿರ ಮಾರಾಟವಾಯಿತು’ ಎಂಬ ಹರ್ಷದಲ್ಲಿ ಐದು ಸಾವಿರವೂ ಮಕ್ಕಳಿಗೆ ಸೇರಿತೆಂದು ಹೇಳಿಬಿಡುವುದು ಅಪ್ರಾಮಾಣಿಕತೆಯಲ್ಲದಿದ್ದರೂ ಅಜಾಗರೂಕತೆ. ಕೊಂಡವರಿಗೆ ಎಷ್ಟು ಖರ್ಚು, ಎಷ್ಟು ಉಳಿತಾಯ, ಯಾವ ಸಂಸ್ಥೆಗೆ ಯಾವಾಗ ಸಲ್ಲಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತೋರಿಸುವವರಿಗೆ ಮುಂದಿನ ವರ್ಷವೂ ಗಿರಾಕಿಗಳು ಬರುತ್ತಾರೆ. ಕೊಳ್ಳುವವರೂ ಒಂದು ವಿಷಯ ತಿಳಿದಿರಬೇಕು: ವಸ್ತುವನ್ನು ಪಡೆದು ಕೊಟ್ಟ ಬೆಲೆ ಕ್ರಯವೇ ಹೊರತು ದಾನವಲ್ಲ, ದಾನಕ್ಕೆ ದೊರೆಯುವ ವರಮಾನ ತೆರಿಗೆಯ ರಿಯಾಯಿತಿಯನ್ನು ಅದಕ್ಕೆ ಕೇಳುವಂತಿಲ್ಲ. ಗೋಡೆಯ ಮೇಲಿನ ಚಿತ್ರವೇ ಅದರ ರಿಯಾಯಿತಿ.

ಇನ್ನು ಬೆಲೆಯ ಮಾತು. ಧರ್ಮಾರ್ಥವೆಂಬ ಕಾರಣಕ್ಕೆ ಕೆಟ್ಟ ಚಿತ್ರಕ್ಕೆ ಹೆಚ್ಚು ಬೆಲೆ ಹೇಳಿದರೆ ಗಿರಾಕಿ ಒಂದು ಸಲ ದಾಕ್ಷಿಣ್ಯಕ್ಕೆ ಕೊಂಡಾನು. ಮನೆಗೆ ಹೋಗಿ ಅದನ್ನು ಅಟ್ಟಕ್ಕೆ ಏರಿಸುತ್ತಾನೆ. ಹಾಗೆಯೇ, ಧರ್ಮಾರ್ಥವೆಂದು ಒಳ್ಳೆಯ ಚಿತ್ರವನ್ನು ತೀರ ಅಗ್ಗಕ್ಕೆ ಮಾರಿದರೆ ಪಕ್ಕದಲ್ಲಿ ಕುಳಿತು ಅದೇ ಕೆಲಸದಿಂದ ಸಂಸಾರ ನಡೆಸುವ ಕಲಾವಿದನ ಹೊಟ್ಟೆಯ ಮೇಲೆ ಹೊಡೆದಂತೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಕೂಡಿಸುವ ಕುಶಲಕರ್ಮಿಗೂ ಓದುವ ಮಕ್ಕಳಿದ್ದಾರೆ. ಅವನ ಬೊಂಬೆಯನ್ನು ಚೌಕಾಸಿ ಮಾಡದೆ ಕೊಳ್ಳುವುದೂ ಒಂದು ಮಗುವಿನ ವಿದ್ಯಾಭ್ಯಾಸಕ್ಕೆ ಕೊಟ್ಟ ನೆರವೇ ಎಂಬುದನ್ನು ಮರೆಯಲಾಗದು.

ಚಿತ್ರದಿಂದ ಬಂದದ್ದು ಚಿತ್ರ ಕಲಿಯುವವರಿಗೇ ಸಲ್ಲಬಹುದಾದ ಒಂದು ದಾರಿಯೂ ಉಂಟು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನೆಲಸಿದ ಕಲಾವಿದ ಎಸ್. ಜಿ. ವಾಸುದೇವ್ ಅವರ ಪತ್ನಿ, ಕಲಾವಿದೆ ಅರ್ನವಾಜ್, ೧೯೮೮ರಲ್ಲಿ ತೀರಿಕೊಂಡರು. ಅವರ ನೆನಪಿನ ಧರ್ಮನಿಧಿಯಿಂದ ಹಣದ ಅಡಚಣೆಯುಳ್ಳ ಕಲಾವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಸಲ್ಲುತ್ತ ಬಂದಿದೆ. ದುಃಖವನ್ನು ಹೀಗೆ ಇನ್ನೊಬ್ಬರ ಕುಂಚವಾಗಿ ಮಾರ್ಪಡಿಸುವುದು ಬಹು ದೊಡ್ಡ ಸಂಸ್ಕಾರ.

ಮರಳಿ ಮಾಕಳಿಗೆ

ಸಂತೆಯ ದಿನ ಸಂಜೆಯಾಗುತ್ತಲೂ ಕುಮಾರ ಕೃಪಾ ರಸ್ತೆಯ ಮರಗಳ ನೆರಳು ಉದ್ದವಾಗುತ್ತದೆ. ಮಾರಾಟವಾಗದ ಚಿತ್ರಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟುವವರು ಕಟ್ಟುತ್ತಾರೆ. ಮಾರಾಟವಾದವುಗಳನ್ನು ಎದೆಗವಚಿಕೊಂಡು ಸಂಸಾರಗಳು ಮನೆಗೆ ತೆರಳುತ್ತವೆ. ಮಾದಾವರದ ಕಡೆಗೆ ಹೋಗುವ ರೈಲಿನಲ್ಲಿಯೂ ಅಂದು ಒಂದೆರಡು ಕಾಗದದ ಸುರುಳಿಗಳು ಪ್ರಯಾಣ ಮಾಡುತ್ತವೆ. ಪೀಣ್ಯದಲ್ಲಿ ಹತ್ತುವ ರಾತ್ರಿಪಾಳಿಯ ಕೆಲಸಗಾರನು ಆ ಸುರುಳಿಯನ್ನೊಮ್ಮೆ ನೋಡಿ, ಒಳಗೇನಿದೆಯೋ ಎಂದುಕೊಳ್ಳಬಹುದು.

ಮಾಕಳಿಯಲ್ಲಿ ಇಳಿಯುವ ಹೊತ್ತಿಗೆ ದೀಪಗಳು ಹತ್ತಿರುತ್ತವೆ. ಲಾರಿಗಳ ಸದ್ದು ಹಗಲಿಗಿಂತ ಹೆಚ್ಚಾಗಿರುತ್ತದೆ. ಬಾಡಿಗೆ ಕೋಣೆಗಳ ಸಾಲಿನಲ್ಲಿ, ತಾಯಿ ರೊಟ್ಟಿ ತಟ್ಟುವ ಒಲೆಯ ಮಗ್ಗುಲಲ್ಲಿಯೋ, ಹೊಸ್ತಿಲ ಬಲ್ಬಿನ ಕೆಳಗೋ ಮಕ್ಕಳು ಪಾಠ ಓದಿಕೊಳ್ಳುವ ಹೊತ್ತು ಅದು. ಎಂಟನೆಯ ತರಗತಿಯಿಂದ ಒಂಬತ್ತಕ್ಕೆ, ಒಂಬತ್ತರಿಂದ ಹತ್ತಕ್ಕೆ ಅವರು ಹೋಗುವರೋ, ಹೆದ್ದಾರಿಯಾಚೆಯ ತಗಡಿನ ಸೂರಿನೊಳಗೆ ಸೇರುವರೋ ಎಂಬುದು ಎಷ್ಟೋ ವೇಳೆ ಒಂದು ಬಸ್ ಪಾಸಿನಿಂದ, ಸಂಜೆಯ ಒಂದು ತಾಸಿನ ಪಾಠದಿಂದ ನಿರ್ಧಾರವಾಗುತ್ತದೆ. ಅಷ್ಟು ಸಣ್ಣ ಖರ್ಚನ್ನು ಎಲ್ಲಿಯೋ ಒಬ್ಬರ ಕುಂಚ ತೆರಬಲ್ಲುದಾದರೆ, ಆ ಚಿತ್ರದಲ್ಲಿ ಬಣ್ಣಕ್ಕಿಂತ ಹೆಚ್ಚಿನದೇನೋ ಇದೆ. ಅದನ್ನು ಕೊಂಡು ಗೋಡೆಗೆ ತೂಗಿದವರಿಗೆ ಆ ಮಗುವಿನ ಹೆಸರು ಗೊತ್ತಿರಬೇಕಾಗಿಲ್ಲ. ಮಗುವಿಗೂ ಅವರ ಹೆಸರು ಗೊತ್ತಿರಬೇಕಾಗಿಲ್ಲ. ಚಿತ್ರ ಗೋಡೆಯ ಮೇಲಿದ್ದರೆ ಸಾಕು. ಮಗು ಶಾಲೆಯಲ್ಲಿದ್ದರೆ ಸಾಕು.